ಕಂಪನಿಯ ಕಾಗದ, ಊರಿನ ಮಾತು

ಕಲಬುರಗಿ ಜಿಲ್ಲೆಯ ಎರೆನೆಲದ ಮೇಲೆ ತೊಗರಿ ಮತ್ತು ಜೋಳ ಬೆಳೆಯುತ್ತವೆ. ಅದರ ಕೆಳಗೆ ಸುಣ್ಣಕಲ್ಲಿನ ಪದರಗಳು ಹರಡಿಕೊಂಡಿವೆ. ಶಹಾಬಾದಿನ ಹಾಸುಗಲ್ಲು ದೂರದೂರದ ಎಷ್ಟೋ ಮನೆಗಳ ನೆಲವಾಗಿದೆ. ಈ ಕಲ್ಲನ್ನು ನೆಚ್ಚಿಕೊಂಡೇ ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದವು. ಕಾರ್ಖಾನೆಯ ಚಿಮಣಿ ದಾರಿಹೋಕರಿಗೆಲ್ಲ ಕಾಣುತ್ತದೆ. ಆದರೆ ಅದರ ಒಡೆಯರು ಯಾರು, ನಿರ್ಧಾರಗಳನ್ನು ಕೈಗೊಳ್ಳುವವರು ಯಾರು, ಅವರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದು ಹಾಗೆ ಕಣ್ಣಿಗೆ ಬೀಳುವ ಸಂಗತಿಯಲ್ಲ. ಇವೆಲ್ಲ ಸೇರಿದ ವ್ಯವಸ್ಥೆಯನ್ನು ಕಂಪನಿ ಆಡಳಿತವೆನ್ನುತ್ತಾರೆ.

ಶಹಾಬಾದ್ ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿನ ಸಿಮೆಂಟ್ ಕಂಪನಿಯು 1936ರಲ್ಲಿ ದೇಶದ ಇತರ ಕೆಲವು ಕಂಪನಿಗಳೊಡನೆ ಕೂಡಿ ಎ.ಸಿ.ಸಿ. ಎಂಬ ಒಂದೇ ಸಂಸ್ಥೆಯಾಯಿತು. ಅದೇ ಸಂಸ್ಥೆಯ ವಾಡಿಯ ಕಾರ್ಖಾನೆ 1968ರಲ್ಲಿ ಆರಂಭವಾಯಿತು. 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಎ.ಸಿ.ಸಿ.ಯಲ್ಲಿ ಪಾಲು ಪಡೆಯಿತು; 2022ರಲ್ಲಿ ಸಂಸ್ಥೆಯು ಅದಾನಿ ಸಮೂಹದ ವಶಕ್ಕೆ ಬಂದಿತು. ಸೇಡಂನ ವಾಸವದತ್ತಾ ಸಿಮೆಂಟ್ 2025ರಲ್ಲಿ ಅಲ್ಟ್ರಾಟೆಕ್ ಕಂಪನಿಗೆ ಸೇರಿತು. ಚಿಂಚೋಳಿ ತಾಲ್ಲೂಕಿನ ಛತ್ರಸಾಲದ ಕಾರ್ಖಾನೆಯ ಹಿಂದೆ ಫ್ರಾನ್ಸಿನ ವಿಕಾ ಸಮೂಹವಿದೆ. ಊರು ಅದೇ, ಕಲ್ಲು ಅದೇ. ಒಡೆತನವು ಮಾತ್ರ ಊರಿನವರಿಗೆ ಅರಿವಾಗುವ ಮೊದಲೇ ದೂರದ ನಗರಗಳಲ್ಲಿ ಕೈ ಬದಲಾಯಿಸಿರುತ್ತದೆ.

ಇಂಥ ಸಂಸ್ಥೆಗಳು ನಿಯಮಬದ್ಧವಾಗಿ ನಡೆಯಲೆಂದು ಸರಕಾರವು ಕಾನೂನುಗಳನ್ನು ಮಾಡಿದೆ. 1956ರ ಕಂಪನಿ ಕಾಯಿದೆಯ ಸ್ಥಾನದಲ್ಲಿ 2013ರ ಕಾಯಿದೆ ಬಂದಿದೆ. ಷೇರುಪೇಟೆಯ ಮೇಲ್ವಿಚಾರಣೆ ನೋಡುವ ಸೆಬಿ ಸಂಸ್ಥೆಯು 1999ರಲ್ಲಿ ಕುಮಾರ ಮಂಗಲಂ ಬಿರ್ಲಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿ, ಅದರ ಸಲಹೆಯಂತೆ ನಿಯಮಗಳನ್ನು ರೂಪಿಸಿತು. ಅವರ ಸಮೂಹಕ್ಕೆ ಸೇರಿದ ಸಿಮೆಂಟ್ ಕಾರ್ಖಾನೆಯೊಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿಯೇ ಇದೆ; ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂಬುದು ಈ ಊರೇ. ನಿಯಮದಂತೆ ನಿರ್ದೇಶಕ ಮಂಡಳಿಯಲ್ಲಿ ಒಡೆಯರ ಹಂಗಿಲ್ಲದ ಸ್ವತಂತ್ರ ನಿರ್ದೇಶಕರಿರಬೇಕು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನಾದರೂ ಸಮಾಜದ ಕೆಲಸಗಳಿಗೆ ವ್ಯಯಿಸಬೇಕು.

ಎಷ್ಟು ಸಭೆಗಳು ನಡೆದವು, ಯಾರು ಯಾರು ಬಂದಿದ್ದರು, ಎಷ್ಟು ಹಣ ವೆಚ್ಚವಾಯಿತು ಎಂಬುದೆಲ್ಲ ವಾರ್ಷಿಕ ವರದಿಯಲ್ಲಿ ದೊರೆಯುತ್ತದೆ. ಆದರೆ ಸಭೆಗೆ ಬಂದ ಸ್ವತಂತ್ರ ನಿರ್ದೇಶಕನು ಬಾಯಿಬಿಟ್ಟು ಪ್ರಶ್ನೆ ಕೇಳಿದನೋ, ತಲೆದೂಗಿ ಎದ್ದುಹೋದನೋ? ಹಳ್ಳಿಗೆ ಬೇಕಾಗಿದ್ದುದು ಕುಡಿಯುವ ನೀರಾಗಿರುವಾಗ ಅಲ್ಲಿ ಕಟ್ಟಿದ್ದು ಕಮಾನನ್ನೋ? ಇದಕ್ಕೆ ಅಂಕಿಗಳಲ್ಲಿ ಉತ್ತರವಿಲ್ಲ. ಜನರೊಡನೆ ಕುಳಿತು ಮಾತನಾಡಿ, ಕಂಡು, ಕೇಳಿ ತಿಳಿಯಬೇಕು. ಈ ಬಗೆಯ ಅಧ್ಯಯನಕ್ಕೆ ಗುಣಾತ್ಮಕ ಸಂಶೋಧನೆಯೆಂದು ಹೆಸರು.

ಹೇಳಿದಷ್ಟು ಸುಲಭವಾದ ಕೆಲಸವಲ್ಲ ಇದು. ಈ ವಿಷಯದ ಪ್ರಸಿದ್ಧ ಗ್ರಂಥಗಳಲ್ಲೊಂದನ್ನು ಬರ್ಲ್ ಮತ್ತು ಮೀನ್ಸ್ ಎಂಬ ವಿದ್ವಾಂಸರು 1932ರಲ್ಲಿ ಅಮೆರಿಕದಲ್ಲಿ ಬರೆದರು. ಅಲ್ಲಿನ ದೊಡ್ಡ ಕಂಪನಿಗಳ ಷೇರುಗಳು ಸಾವಿರಾರು ಜನರಲ್ಲಿ ಹಂಚಿಹೋಗಿದ್ದವು. ಒಡೆಯರು ಒಂದು ಕಡೆ, ಆಳುವವರು ಇನ್ನೊಂದು ಕಡೆ ಎಂಬಂತಾಗಿದ್ದಿತು. ನಮ್ಮ ದೇಶದಲ್ಲಾದರೋ ಅನೇಕ ಕಂಪನಿಗಳ ಹಿಡಿತವು ಒಂದೊಂದು ಮನೆತನದ ಕೈಯಲ್ಲಿಯೇ ಇದೆ. ಆದುದರಿಂದ ಅಲ್ಲಿನ ಪ್ರಶ್ನೆಗಳನ್ನು ಅನುವಾದಿಸಿ ಇಲ್ಲಿ ಕೇಳಿದರೆ ಗುರಿ ತಪ್ಪುತ್ತದೆ. ಹಳ್ಳಿಯವನ ಪಾಲಿಗೆ ಕಂಪನಿಯೆಂದರೆ ನಿರ್ದೇಶಕ ಮಂಡಳಿಯಲ್ಲ; ಗೇಟಿನ ಬಳಿಯ ಅಧಿಕಾರಿ, ಇಲ್ಲವೆ ಕೂಲಿ ಕೊಡುವ ಗುತ್ತಿಗೆದಾರ. ಮೇಲಾಗಿ ಈ ಸೀಮೆಯಲ್ಲಿ ಕನ್ನಡದೊಡನೆ ಉರ್ದು, ತೆಲುಗು, ಲಂಬಾಣಿಗಳೂ ಬಳಕೆಯಲ್ಲಿವೆ.

ಕಾರ್ಖಾನೆಯೊಳಗೆ ಹೋಗಲು ಅನುಮತಿ ಬೇಕು. ಅನುಮತಿ ಕೊಟ್ಟ ಅಧಿಕಾರಿಯೇ ಮಾತಿಗೆ ಸಿಗುವ ಕಾರ್ಮಿಕರನ್ನೂ ಆರಿಸಿಕೊಟ್ಟರೆ, ಅವರ ಉತ್ತರವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದರಲ್ಲಿ ಆಶ್ಚರ್ಯವಿಲ್ಲ. ಅದೇ ಕಾರ್ಮಿಕನು ಸಂಜೆ ತನ್ನ ಮನೆಯ ಕಟ್ಟೆಯ ಮೇಲೆ ಬೇರೊಂದು ಮಾತು ಆಡಬಹುದು. ಎರಡರಲ್ಲಿ ಯಾವುದು ನಿಜ? ಕಟ್ಟೆಯ ಮಾತೇ ನಿಜವೆಂದು ಅವಸರದಿಂದ ತೀರ್ಮಾನಿಸುವುದೂ ತಪ್ಪು. ಕೆಲಸ ಸಿಗದವನ ಸಿಟ್ಟು ಅದರಲ್ಲಿ ಸೇರಿರಲಾರದೆ? ಭೂಮಿ ಕೊಟ್ಟ ರೈತ, ಗುತ್ತಿಗೆ ಕಾರ್ಮಿಕ, ಕಚೇರಿಯ ಗುಮಾಸ್ತ, ಷೇರುದಾರ ಇವರೆಲ್ಲರ ಮಾತನ್ನು ಕಾಗದಪತ್ರಗಳೊಡನೆ ಒರೆಹಚ್ಚಿ ನೋಡಬೇಕಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ಮಾತು ಕೊಟ್ಟವರ ರಕ್ಷಣೆ. ವರದಿಯಲ್ಲಿ ಹೆಸರು ಬರೆಯುವುದಿಲ್ಲವೆಂದು ಸಂಶೋಧಕನು ವಚನ ಕೊಡುತ್ತಾನೆ. ಮಹಾನಗರದಲ್ಲಿ ಅಷ್ಟು ಸಾಕಾದೀತು. ಒಂದೇ ಕಾರ್ಖಾನೆಯಿರುವ ಸಣ್ಣ ಊರಿನಲ್ಲಿ “ಎರಡೆಕರೆ ಕಳೆದುಕೊಂಡು ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವ ವಿಧವೆಯ ಮಗ” ಎಂದರೆ ಆತ ಯಾರೆಂದು ಮಕ್ಕಳಿಗೂ ತಿಳಿಯುತ್ತದೆ. ಅವನ ಕೆಲಸಕ್ಕೇ ಕುತ್ತು ಬರಬಹುದು. ವಿವರಗಳನ್ನು ಅಳಿಸುತ್ತ ಹೋದರೆ ಅವನು ಉಳಿಯುತ್ತಾನೆ, ಆದರೆ ಸಾಕ್ಷ್ಯದ ಬಲ ಕುಂದುತ್ತದೆ. ಕೆಲವೊಮ್ಮೆ ಹೇಳುವವನೇ, “ಇದೊಂದು ಬರೀಬ್ಯಾಡ್ರಿ ಸಾಹೇಬ್ರ, ಸುಮ್ಮ ನಿಮಗ ಹೇಳ್ತೀನಿ” ಎಂದು ತಡೆಯುವುದುಂಟು. ಆಗ ಸಂಶೋಧಕನು ಲೇಖನಿಯನ್ನು ಕೆಳಗಿಟ್ಟು ಕೇಳುತ್ತಾನೆ. ಅಧ್ಯಯನಕ್ಕೆ ಬಹಳ ಬೇಕಾಗಿದ್ದ ಸಂಗತಿಯೇ ಅದಾಗಿದ್ದರೂ ಅವನ ಟಿಪ್ಪಣಿ ಪುಸ್ತಕದಲ್ಲಿ ಆ ಜಾಗವು ಖಾಲಿಯಾಗಿಯೇ ಉಳಿಯುತ್ತದೆ.