ಒಂದು ಅಗುಳು ಸಾಲದು: ವಾಹನಕ್ಕೆ ಸಾಲ ಕೊಡುವ ಮುನ್ನ



ಸಂಘವೊಂದರ ಸಭೆಯಲ್ಲಿ ಸದಸ್ಯೆಯೊಬ್ಬರು ಮಗನಿಗೆ ಹಳೆಯ ಟ್ಯಾಕ್ಸಿ ಕೊಡಿಸಲು ಸಾಲ ಕೇಳಿದರು. "ಗಾಡಿ ಗಟ್ಟಿಯಾಗಿದೆಯಾ?" ಎಂದು ಕೇಳಿದೆವು. "ನಮ್ಮ ಭಾವನ ಹತ್ರ ಅದೇ ಗಾಡಿ ಇದೆ ಸಿಸ್ಟರ್, ಐದು ವರ್ಷದಿಂದ ಏನೂ ತೊಂದರೆ ಇಲ್ಲ" ಎಂದರು. ಪಕ್ಕದಲ್ಲಿದ್ದವರು, "ಅಯ್ಯೋ, ನಮ್ಮ ಬೀದಿಯಲ್ಲಿ ಅದೇ ಗಾಡಿ ಯಾವಾಗಲೂ ಗ್ಯಾರೇಜಿನಲ್ಲೇ ಇರುತ್ತೆ" ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಹಾಗಾದರೆ ಯಾರ ಮಾತು ನಂಬೋದು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಎಲ್ಲಾ ಅಗುಳೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದಿರುತ್ತವೆ. ವಾಹನ ಹಾಗಲ್ಲ. ಓಡಿಸುವವರು ಬೇರೆ, ರಸ್ತೆ ಬೇರೆ, ಆಯಿಲ್ ಬದಲಾಯಿಸುವ ರೀತಿಯೂ ಬೇರೆ. ಆದ್ದರಿಂದ ಒಬ್ಬರ ಅನುಭವ ಸಾಲದು.

ಸಮೀಕ್ಷೆ ಏನು ಮಾಡುತ್ತದೆ?
ಅಮೆರಿಕದಲ್ಲಿ 1936ರಲ್ಲಿ ಆರಂಭವಾದ 'ಕನ್ಸೂಮರ್ ರಿಪೋರ್ಟ್ಸ್' ಎಂಬ ಬಳಕೆದಾರರ ಸಂಸ್ಥೆ ಜಾಹೀರಾತು ಪಡೆಯುವುದಿಲ್ಲ. ತನ್ನ ಸದಸ್ಯರನ್ನೇ ಕೇಳಿ, ಯಾವ ಕಾರಿನಲ್ಲಿ ಏನು ಕೆಟ್ಟಿತು ಎಂದು ಲೆಕ್ಕ ಹಾಕುತ್ತದೆ. ಅಲ್ಲಿನ 'ಜೆ.ಡಿ. ಪವರ್' ಸಂಸ್ಥೆ ಮೂರು ವರ್ಷ ಹಳೆಯ ವಾಹನಗಳ ಮಾಲೀಕರನ್ನು ಕೇಳಿ, 100 ವಾಹನಕ್ಕೆ ಎಷ್ಟು ತೊಂದರೆ ಎಂದು ಎಣಿಸುತ್ತದೆ. ಇಲ್ಲಿ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೆ ಫೋನ್ ಜೋಡಣೆ ಆಗದಿದ್ದರೂ ಒಂದು ತೊಂದರೆ, ಎಂಜಿನ್ ಕೆಟ್ಟರೂ ಒಂದು ತೊಂದರೆ! ಆದ್ದರಿಂದ "ಎಷ್ಟು ಕೆಟ್ಟಿತು" ಎನ್ನುವುದರ ಜೊತೆ "ಏನು ಕೆಟ್ಟಿತು" ಎಂದೂ ಕೇಳಬೇಕು.

ನಕ್ಷತ್ರ ನೋಡಿ ಮೋಸಹೋಗಬೇಡಿ
ನಮ್ಮ ದೇಶದಲ್ಲಿ 2023ರ ಅಕ್ಟೋಬರ್ 1ರಿಂದ 'ಭಾರತ್ ಎನ್‌ಕ್ಯಾಪ್' ಪರೀಕ್ಷೆ ಜಾರಿಯಲ್ಲಿದೆ. ಕಾರನ್ನು ಡಿಕ್ಕಿ ಹೊಡೆಸಿ ನೋಡಿ 5ರವರೆಗೆ ನಕ್ಷತ್ರ ಕೊಡುತ್ತಾರೆ. ಅಪಘಾತವಾದರೆ ಒಳಗಿರುವ ದೊಡ್ಡವರಿಗೂ ಮಕ್ಕಳಿಗೂ ಎಷ್ಟು ರಕ್ಷಣೆ ಎಂಬುದನ್ನು ಅದು ಹೇಳುತ್ತದೆ. ಇದು ಬಹಳ ಮುಖ್ಯವೇ. ಆದರೆ ಗಾಡಿ ಪದೇ ಪದೇ ಕೆಡುತ್ತದೆಯೋ ಇಲ್ಲವೋ ಎಂದು ಆ ನಕ್ಷತ್ರ ಹೇಳುವುದಿಲ್ಲ.

ನಾವೇ ಸಮೀಕ್ಷೆ ಮಾಡೋಣ
ಅಮೆರಿಕದ ಪಟ್ಟಿ ನಮ್ಮ ರಸ್ತೆಗೆ ಹೊಂದುವುದಿಲ್ಲ, ಆದರೆ ಕ್ರಮ ಹೊಂದುತ್ತದೆ. ಒಕ್ಕೂಟದ ಸಂಘಗಳ ಮೂಲಕ ಅದೇ ಮಾದರಿಯ ಗಾಡಿ ಇರುವ ಹತ್ತು ಮಂದಿಯನ್ನು ಹುಡುಕಿ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ:

1. ಯಾವ ವರ್ಷದ ಗಾಡಿ? ಎಷ್ಟು ಕಿಲೋಮೀಟರ್ ಓಡಿದೆ?
2. ಕಳೆದ 12 ತಿಂಗಳಲ್ಲಿ ಎಷ್ಟು ಸಲ ದಾರಿಯಲ್ಲಿ ನಿಂತಿತು?
3. ಏನು ಕೆಟ್ಟಿತು? ರಿಪೇರಿಗೆ ಎಷ್ಟು ಖರ್ಚಾಯಿತು?
4. ಗ್ಯಾರೇಜಿನಲ್ಲಿ ಎಷ್ಟು ದಿನ ಇತ್ತು? ಬಿಡಿಭಾಗ ಹತ್ತಿರದಲ್ಲೇ ಸಿಕ್ಕಿತೇ?

ಆ ಗಾಡಿ ಮಾರಿಬಿಟ್ಟವರನ್ನೂ ಮರೆಯದೆ ಕೇಳಿ. ಇಟ್ಟುಕೊಂಡವರು ಹೊಗಳುವುದೇ ಹೆಚ್ಚು.

ಕೊನೆಗೆ, ಕೊಳ್ಳುವ ಆ ಒಂದು ಗಾಡಿ
ಸಮೀಕ್ಷೆ ಮಾದರಿಯ ಬಗ್ಗೆ ಹೇಳುತ್ತದೆ. ನೀವು ಕೊಳ್ಳುವ ಗಾಡಿಯ ಬಗ್ಗೆ ಅಲ್ಲ. ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್‌ಗೆ ತೋರಿಸಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮೀಟರಿನ ಕಿಲೋಮೀಟರನ್ನು ಸರ್ವಿಸ್ ಪುಸ್ತಕದೊಂದಿಗೆ ಹೋಲಿಸಿ. ಮೀಟರ್ ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ಆರ್.ಸಿ., ವಿಮೆ, ಎಫ್.ಸಿ., ಪರ್ಮಿಟ್ ನೋಡಿ. ಆರ್.ಸಿ.ಯಲ್ಲಿ ಹಳೆಯ ಸಾಲ ನಮೂದಾಗಿದ್ದರೆ, ಅದು ತೀರಿ ರದ್ದಾಗುವವರೆಗೆ ಹಣ ಕೊಡಬೇಡಿ.

ಗಾಡಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಆ ಕಂತು ನಮ್ಮೆಲ್ಲರ ಉಳಿತಾಯ. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಲಿ ಎಂದು ಯೇಸುಸ್ವಾಮಿ ಹೇಳಿದ್ದು ಇದನ್ನೇ ಅಲ್ಲವೇ? ಪ್ರಶ್ನೆ ಕೇಳಿದರೆ ಸದಸ್ಯೆಯನ್ನು ಅನುಮಾನಿಸಿದಂತಲ್ಲ. ಅವರ ಜೊತೆ ನಿಂತಂತೆ.

ಸಭೆಯಲ್ಲಿ ಚರ್ಚಿಸಿ: ಒಬ್ಬರ ಮಾತು ಕೇಳಿ ನಾವು ಕೊಂಡ ವಸ್ತು ಯಾವುದು? ಹತ್ತು ಮಂದಿಯನ್ನು ಕೇಳಿದ್ದರೆ ಏನು ತಿಳಿಯುತ್ತಿತ್ತು?