ಕಲ್ಲಿನ ಮೇಲಣ ಹೆಸರು
(ವಿಜಾಪುರ ಮತ್ತು ಪಟ್ಟದಕಲ್ಲಿನ ಪ್ರವಾಸದಿಂದ ಒಂದು ಪಾಠ)

ಪಾಠಶಾಲೆಯ ಗೋಡೆಗಳೊಳಗೆ ದೊರೆಯುವ ಜ್ಞಾನಕ್ಕೆ ಪ್ರವಾಸವು ಪೂರಕವಾದುದು. ಆದರೆ ನೋಡುವ ಬಗೆಯನ್ನು ಅರಿಯದವರು ಎಷ್ಟು ದೂರ ಹೋಗಿಬಂದರೂ ಬರಿಗೈಯವರೇ ಸರಿ. ನಮ್ಮ ವಿದ್ಯಾರ್ಥಿನಿಯರೊಡನೆ ವಿಜಾಪುರಕ್ಕೆ ಹೋದಾಗ ಇದು ನಮ್ಮ ಅನುಭವಕ್ಕೆ ಬಂದಿತು.

2014ರಿಂದ ವಿಜಯಪುರವೆಂದು ಕರೆಯಲ್ಪಡುವ ಈ ನಗರವು ಆದಿಲಶಾಹಿ ಅರಸರ ರಾಜಧಾನಿಯಾಗಿತ್ತು. 1686ರಲ್ಲಿ ಔರಂಗಜೇಬನ ವಶವಾಯಿತು. ಇಲ್ಲಿಯ ಗೋಲಗುಮ್ಮಟವು 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಸಮಾಧಿ. ಒಳಗೆ ಕಂಬವೊಂದೂ ಇಲ್ಲ. ಒಂದನ್ನೊಂದು ಹಾಯ್ದುಹೋಗುವ ಕಮಾನುಗಳು ಚೌಕದ ಮಂಟಪವನ್ನು ಮೇಲೆ ವರ್ತುಲಕ್ಕೆ ತಂದು, ಸುಮಾರು 38 ಮೀಟರು ಒಳವ್ಯಾಸದ ಗುಮ್ಮಟವನ್ನು ಹೊತ್ತಿವೆ. ಮೂಲೆಯ ಗೋಪುರದ ಮೆಟ್ಟಲುಗಳನ್ನೇರಿ ಮೇಲಣ ಮೊಗಸಾಲೆಯನ್ನು ಸೇರಿದರೆ, ಒಂದು ಕಡೆ ಆಡಿದ ಪಿಸುಮಾತು ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳಿಸುವದು. ಜನಸಂದಣಿಯಾಗುವ ಮೊದಲೇ, ಬೆಳಗಿನಲ್ಲಿ ಹೋಗುವದು ಲೇಸು.

ಆ ಮೊಗಸಾಲೆಯಲ್ಲಿಯೇ ನಮ್ಮ ಹುಡುಗಿಯೊಬ್ಬಳು ಪಿನ್ನಿನ ಮೊನೆಯಿಂದ ಗೋಡೆಯ ಗಾರೆಯ ಮೇಲೆ ತನ್ನ ಹೆಸರನ್ನು ಕೆತ್ತಿದಳು. ನಾವು ಕಂಡು ಕಠಿಣವಾಗಿ ಗದರಿಸಿದೆವು. ಅವಳಾದರೋ, "ಇಲ್ಲಿ ಎಲ್ಲರೂ ಬರೆದಿದ್ದಾರಲ್ಲವೇ?" ಎಂದಳು. ಸುತ್ತಲೂ ನೋಡಲಾಗಿ ಅವಳ ಮಾತು ನಿಜವಾಗಿತ್ತು. ನಾವು ಅರಸರ ಇಸವಿಗಳನ್ನು ಬಾಯಿಪಾಠ ಮಾಡಿಸಿದ್ದೆವು. ಇಂಥ ಕಟ್ಟಡಗಳು ಯಾರ ಸ್ವತ್ತೆಂಬುದನ್ನು ಮಾತ್ರ ಕಲಿಸಿರಲಿಲ್ಲ. ತಪ್ಪು ಅವಳೊಬ್ಬಳದೇ ಆಗಿರಲಿಲ್ಲ.

ಅನಂತರ ಬಾರಾಕಮಾನನ್ನು ಕಂಡೆವು. ಎರಡನೆಯ ಅಲಿ ಆದಿಲಶಹನ ಈ ಸಮಾಧಿಯು ಪೂರ್ಣವಾಗಲೇ ಇಲ್ಲ. ಬರಿಯ ಕಮಾನುಗಳು ಆಕಾಶಕ್ಕೆ ತೆರೆದು ನಿಂತಿವೆ. ಅರಸರ ಸಂಕಲ್ಪವೂ ಅರ್ಧಕ್ಕೆ ನಿಲ್ಲುವದುಂಟೆಂದು ಮಕ್ಕಳಿಗೆ ಹೇಳಬೇಕಾಗಲಿಲ್ಲ.

ಮಾರನೆಯ ದಿನ ದಕ್ಷಿಣಕ್ಕೆ ಪ್ರಯಾಣಮಾಡಿ, ಬಾದಾಮಿಯ ಗುಹೆಗಳನ್ನು ನೋಡಿಕೊಂಡು, ಅಲ್ಲಿಂದ ಸುಮಾರು 22 ಕಿಲೋಮೀಟರು ದೂರದ ಪಟ್ಟದಕಲ್ಲಿಗೆ ಬಂದೆವು. ಮಲಪ್ರಭೆಯ ದಡದ ಈ ದೇವಾಲಯಗಳು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇವುಗಳಲ್ಲಿ ದೊಡ್ಡದಾದ ವಿರೂಪಾಕ್ಷಾಲಯವನ್ನು, ಚಾಲುಕ್ಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ಸ್ಮರಣೆಗಾಗಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದಳು. ಅಲ್ಲಿಯ ಕನ್ನಡ ಶಾಸನದಲ್ಲಿ ರಾಣಿಯ ಹೆಸರಿನೊಡನೆ, ಕಟ್ಟಿದ ಶಿಲ್ಪಿಯಾದ ಗುಂಡ ಅನಿವಾರಿತಾಚಾರಿಯ ಹೆಸರೂ, ಅವನಿಗೆ ದೊರೆತ ಬಿರುದೂ ಕೆತ್ತಲ್ಪಟ್ಟಿವೆ.

ಇದನ್ನು ವಿವರಿಸಿದಾಗ ಆ ಹುಡುಗಿಯು ಬಹಳ ಹೊತ್ತು ಶಾಸನದ ಮುಂದೆ ನಿಂತಿದ್ದಳು. ಬಳಿಕ ನಮ್ಮ ಬಳಿಗೆ ಬಂದು, "ಅಮ್ಮಾ, ಅವನು ಕಟ್ಟಿ ಹೆಸರು ಪಡೆದನು; ನಾನು ಕೆಡಿಸಿ ಹೆಸರು ಬರೆದೆನು" ಎಂದಳು. ನಾವು ಮತ್ತೇನೂ ಹೇಳಲಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಪ್ರವಾಸಕ್ಕೆ ಹೊರಡುವ ಮುಂಚೆ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡಿರಿ:

1. ನೋಡಲಿರುವ ಸ್ಥಳದ ಚರಿತ್ರೆಯನ್ನು ಮೊದಲೇ ಓದಿರಿ.

2. ಹತ್ತು ಸ್ಥಳಗಳಿಗೆ ಓಡುವದಕ್ಕಿಂತ ಎರಡನ್ನು ನಿಂತು ನೋಡಿರಿ. ಕಟ್ಟಿಸಿದವರನ್ನಲ್ಲದೆ ಕಟ್ಟಿದವರನ್ನೂ ನೆನೆಯಿರಿ.

3. ಸಂರಕ್ಷಿತ ಸ್ಮಾರಕಗಳನ್ನು ವಿರೂಪಗೊಳಿಸುವದು 1958ರ ಕಾಯಿದೆಯ ಪ್ರಕಾರ ದಂಡನಾರ್ಹ ಅಪರಾಧ. ಆದರೆ ದಂಡದ ಭಯಕ್ಕಿಂತಲೂ, ಇವು ನಮ್ಮ ಬಳಿಯಲ್ಲಿ ಇಡಲ್ಪಟ್ಟ ನ್ಯಾಸವೆಂಬ ಭಾವನೆಯೇ ನಿಮ್ಮ ಕೈಯನ್ನು ತಡೆಯಲಿ.

ಹೆಸರು ಉಳಿಯಬೇಕೆಂಬ ಆಶೆಯು ತಪ್ಪಲ್ಲ. ಅದು ನಿಮ್ಮ ಕೈಕೆಲಸದಿಂದ ಉಳಿಯುವಂತೆ ದೇವರು ಅನುಗ್ರಹಿಸಲಿ.