ಕೋವಿಯೂ ಕಾಯಿದೆಯೂ

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಉಲ್ಲಾಳದ ಬಾಲಕನಿಗೆ ಕೋವಿಯೆಂದರೆ ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲಿನ ವಸ್ತು. ಕೊಡಗಿನ ಬಾಲಕನಿಗೆ ಅದು ಮನೆಯವರಲ್ಲಿ ಒಬ್ಬನಿದ್ದಂತೆ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು, ಸಾವಾದರೆ ಎರಡು ಹಾರಿಸುವುದು ಹಿಂದಿನಿಂದ ಬಂದ ರೂಢಿ. ಸೆಪ್ಟೆಂಬರ್ ತಿಂಗಳ ಕೈಲ್ ಪೊಳ್ದ್ ಹಬ್ಬದಂದು ಕೋವಿಯನ್ನು ಶುಚಿಗೊಳಿಸಿ, ಗಂಧವಿಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ.

೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಸ್ವತಂತ್ರ ಭಾರತದ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿಯಿತು. ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧವೆಂದು ಒಬ್ಬರು ನ್ಯಾಯಾಲಯದ ಮೆಟ್ಟಿಲೇರಿದಾಗ, ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ವಿನಾಯಿತಿಯನ್ನು ಎತ್ತಿಹಿಡಿಯಿತು. ಅದು ಷರತ್ತುಗಳಿಗೆ ಒಳಪಟ್ಟದ್ದೆಂಬುದನ್ನೂ ಗಮನಿಸಿತು.

ವಿನಾಯಿತಿ ದೊರೆಯದವರ ಕಥೆ ಬೇರೆ. ೧೮೫೭ರ ದಂಗೆಗೆ ಬೆದರಿದ ಇಂಗ್ಲಿಷರು ಅದೇ ವರ್ಷ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ಮಾಡಿದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಬೇಟೆಯೇ ಬದುಕು. ಅವರು ಆಯುಧ ಒಪ್ಪಿಸಲಿಲ್ಲ. ನವೆಂಬರ್ ತಿಂಗಳಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಬೆನ್ನಿಗೇ ಹತ್ತೊಂಬತ್ತು ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಊರು ಸುಟ್ಟದ್ದು ತಪ್ಪೆಂದು ಆ ಬೇಡರು ಯಾರಲ್ಲಿ ದೂರಬಹುದಿತ್ತು? ಸುಟ್ಟವರೇ ಆಳುವವರು, ಆಳುವವರೇ ನ್ಯಾಯ ಹೇಳುವವರು.

ಆ ಪ್ರಶ್ನೆಗೆ ಉತ್ತರವಿರಬೇಕೆಂಬುದೇ ಸ್ವತಂತ್ರ ದೇಶದ ಕಾನೂನಿಗೂ ಅಂದಿನ ಕಾನೂನಿಗೂ ಇರುವ ಅಂತರ. ಇಂದು ಆಯುಧ ಹಿಡಿದವನನ್ನು ತಡೆದು ಪರವಾನಗಿ ಕೇಳುವ ಅಧಿಕಾರ ಪೊಲೀಸರಿಗೆ ಉಂಟು. ತೋರಿಸದಿದ್ದರೆ ಆಯುಧವನ್ನು ವಶಪಡಿಸಿಕೊಳ್ಳಲೂಬಹುದು. ಆದರೆ ಪರವಾನಗಿಯನ್ನು ರದ್ದುಪಡಿಸುವ ಅಧಿಕಾರ ಠಾಣೆಯ ಪೇದೆಗಿಲ್ಲ. ಅದು ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೆ ಸೇರಿದ್ದು. ಆ ಪ್ರಾಧಿಕಾರವೂ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ ಶೋಧನೆ, ಜಪ್ತಿಗಳ ದೃಶ್ಯವನ್ನೂ ಧ್ವನಿಯನ್ನೂ ಮುದ್ರಿಸಿಕೊಳ್ಳಬೇಕು.

ಕೋವಿಯುಳ್ಳವನಿಗೆ ಪೊಲೀಸರ ಭಯವೇಕೆ ಎಂದು ನಮಗೆ ತೋರಬಹುದು. ವಾಸ್ತವವಾಗಿ ಅವನೇ ಹೆಚ್ಚು ದುರ್ಬಲ. ಬರಿಗೈಯವನನ್ನು ಹೊಡೆದ ಅಧಿಕಾರಿ ಕಾರಣ ಹುಡುಕಬೇಕಾಗುತ್ತದೆ. ಕೋವಿ ಇದ್ದವನ ವಿಷಯದಲ್ಲಿ ‘ಅವನು ಕೋವಿ ಎತ್ತಿದ’ ಎಂಬ ಒಂದೇ ಮಾತು ಸಾಕೆನಿಸುತ್ತದೆ. ಆ ಮಾತು ನಿಜವೂ ಇರಬಹುದು. ಕತ್ತಲಲ್ಲಿ ಗಸ್ತು ತಿರುಗುವ ಪೇದೆಗೂ ಜೀವವಿದೆ, ಮನೆಯಲ್ಲಿ ಕಾಯುವ ಮಕ್ಕಳಿದ್ದಾರೆ. ಆತ್ಮರಕ್ಷಣೆಯ ಹಕ್ಕು ಅವನಿಗೂ ಉಂಟು. ಆದರೆ ಅದು ನಿಜವೋ ಅಲ್ಲವೋ ಎಂಬುದನ್ನು ಗುಂಡು ಹಾರಿಸಿದವನೇ ತೀರ್ಮಾನಿಸಲಾಗದು. ಪೊಲೀಸರ ಗುಂಡಿನಿಂದ ಸಾವಾದರೆ ಪ್ರಥಮ ವರ್ತಮಾನ ವರದಿ ದಾಖಲಾಗಬೇಕು, ತನಿಖೆಯನ್ನು ಸಿ.ಐ.ಡಿ. ಅಥವಾ ಬೇರೊಂದು ಠಾಣೆಯವರು ನಡೆಸಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆಯೂ ಆಗಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ವಿಧಿಸಿತು. ಮಣಿಪುರದ ಮೊಕದ್ದಮೆಯೊಂದರಲ್ಲಿ ೨೦೧೬ರಲ್ಲಿ ಅದೇ ನ್ಯಾಯಾಲಯವು ಇನ್ನೂ ಮುಂದೆ ಹೋಯಿತು: ನಿಷೇಧಾಜ್ಞೆಯಿರುವ ಪ್ರದೇಶದಲ್ಲಿ ಆಯುಧ ಹಿಡಿದಿದ್ದನೆಂಬ ಮಾತ್ರಕ್ಕೆ ಪ್ರಜೆಯು ಶತ್ರುವಾಗುವುದಿಲ್ಲ. ಕಾಯಿದೆ ಮುರಿದವನಿಗೇ ಈ ರಕ್ಷಣೆಯಿದ್ದರೆ, ಪರವಾನಗಿ ಪಡೆದು ಬೆಳೆ ಕಾಯುವ ರೈತನಿಗೆ ಎಷ್ಟಿರಬೇಕು!

ದೂರು ಕೊಡುವ ದಾರಿಯೇನೂ ಸುಗಮವಲ್ಲ. ೧೯೬೩ರ ಕರ್ನಾಟಕ ಪೊಲೀಸ್ ಕಾಯಿದೆಯ ೧೭೦ನೆಯ ಪ್ರಕರಣದಂತೆ, ಕರ್ತವ್ಯದ ನೆರಳಿನಲ್ಲಿ ನಡೆದ ಕೃತ್ಯಕ್ಕೆ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. ಬೆಂಗಳೂರಿನ ಪ್ರಕರಣವೊಂದರಲ್ಲಿ, ಈ ಅನುಮತಿಯಿಲ್ಲದ ಕಾರಣ, ಠಾಣೆಯಲ್ಲಿ ಹೊಡೆದರೆಂಬ ದೂರನ್ನು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ರದ್ದುಪಡಿಸಿತು. ಪ್ರಾಮಾಣಿಕ ಅಧಿಕಾರಿಯನ್ನು ಸುಳ್ಳು ದೂರಿನಿಂದ ಕಾಯುವ ಬೇಲಿಯು ಅಪ್ರಾಮಾಣಿಕನನ್ನೂ ಕಾಯುತ್ತದೆ.

ಇದಕ್ಕೊಂದು ಪರಿಹಾರವನ್ನು ಹುಡುಕಿದವರಲ್ಲಿ ಪೊಲೀಸರೇ ಇದ್ದರೆಂಬುದು ಸಂತೋಷದ ಸಂಗತಿ. ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ ಅವರು ೧೯೯೬ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೬ರಲ್ಲಿ ತೀರ್ಪಿತ್ತು, ಪ್ರತಿಯೊಂದು ರಾಜ್ಯದಲ್ಲಿಯೂ ಪೊಲೀಸ್ ದೂರು ಪ್ರಾಧಿಕಾರವಿರಬೇಕೆಂದಿತು. ಕರ್ನಾಟಕವು ೨೦೧೨ರಲ್ಲಿ ತನ್ನ ಪೊಲೀಸ್ ಕಾಯಿದೆಯನ್ನು ತಿದ್ದಿ ಅದಕ್ಕೆ ಸ್ಥಾನ ಕಲ್ಪಿಸಿತು.

ಚುನಾವಣೆಯ ಕಾಲದಲ್ಲಿ ಮಲೆನಾಡಿನ ಠಾಣೆಗಳ ಮುಂದೆ ಕೋವಿ ಹಿಡಿದ ರೈತರ ಸಾಲು ಕಾಣುತ್ತದೆ. ಪರವಾನಗಿದಾರರೆಲ್ಲರೂ ಕುರುಡಾಗಿ ಕೋವಿ ಒಪ್ಪಿಸಬೇಕೆಂದೇನೂ ಇಲ್ಲ. ಜಿಲ್ಲೆಯ ಪರಿಶೀಲನಾ ಸಮಿತಿಯು ಒಬ್ಬೊಬ್ಬರ ಪೂರ್ವಚರಿತ್ರೆಯನ್ನು ನೋಡಿ ನಿರ್ಧರಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ತೋಟಕ್ಕೆ ಹಂದಿ ನುಗ್ಗುವ ರಾತ್ರಿಗಳಲ್ಲಿ ಬರಿಗೈಯಲ್ಲಿ ಕೂರಬೇಕಾದ ರೈತನಿಗೆ ಈ ಸೂಚನೆ ಸಣ್ಣದಲ್ಲ. ಕೋವಿ ಕೊಟ್ಟು ರಸೀದಿ ಪಡೆದ ಮುದುಕರು ಕನ್ನಡಕವನ್ನು ಮೇಲೇರಿಸಿ, ನಳಿಗೆಯ ಮೇಲೆ ಕೆತ್ತಿದ ಸಂಖ್ಯೆಯೂ ಕಾಗದದಲ್ಲಿ ಬರೆದ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ಅಂಕಿ ಅಂಕಿಯಾಗಿ ಓದಿ ನೋಡಿ, ಆಮೇಲೆಯೇ ಬಸ್ಸು ಹತ್ತುತ್ತಾರೆ.